ಬಿಸಿ ಗೋಡೆಯ ಒಳಗಿಂದ

ದೆವ್ವ-ಗಿವ್ವ ಅಂದರೆ ನಗುವವನು ನಾನು. ಇದನ್ನು ಕಟ್ಟುಕತೆ ಅನ್ನುವವರು ಅನ್ನಲಿ, ನನಗೇನೂ ಆಗಬೇಕಿಲ್ಲ. ಆ ಸದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ನಾನು ಶಿರಸಿ ಕಡೆಯ ಮತ್ತಿಘಟ್ಟದವನು, ರಫೀಕಣ್ಣ ಯಲ್ಲಾಪುರದವನು. ಬಯಲುಸೀಮೆಯ ಒಂದು ಆಳದ ಗಣಿಯಲ್ಲಿ ಇಬ್ಬರಿಗೂ ಕೆಲಸ. ಅದಿರು ತೆಗೆದ ಪೊಳ್ಳಿಗೆ ಕಲ್ಲುಪುಡಿ, ಸಿಮೆಂಟು ಕಲಸಿ ತುಂಬುತ್ತಾರೆ. ಅದು ಗೋಡೆಯಂತೆ ಗಟ್ಟಿಯಾದ ಮೇಲೆ ಪಕ್ಕದಲ್ಲೇ ಮತ್ತೆ ಅಗೆತ. ಗಟ್ಟಿಯಾಗಿದೆಯೋ ಇಲ್ಲವೋ ಹೇಳಬೇಕಾದವನು ನಾನು. ಅದೇ ಸಿಮೆಂಟಿನಿಂದ ಪರೀಕ್ಷೆಗೆಂದು ಸಣ್ಣ ಸಣ್ಣ ಕ್ಯೂಬ್ ಮಾಡಿ, ಕೆಳಗಿನ ಬಿಸಿಯಲ್ಲೇ ಇಟ್ಟು, ಆಮೇಲೆ ಒಡೆದು ನೋಡಬೇಕು.

ಕೆಳಗೆ ಬಂಡೆಯೇ ಸುಡುತ್ತದೆ ಮಾರಾಯ್ರೇ! ತಂಪಿನಲ್ಲಿ ಬೆಳೆದ ಮೈ ನನ್ನದು, ದಿನಾ ಇಳಿಯಲು ಬೇಜಾರು. ಕ್ಯೂಬುಗಳನ್ನು ಮೇಲಿನ ಎ.ಸಿ. ಕೋಣೆಯಲ್ಲೇ ಇಟ್ಟೆ. ಒಡೆದಾಗ ಕಲ್ಲಿನಂತಿದ್ದವು. ‘ಗಟ್ಟಿ’ ಎಂದು ಬರೆದು ಸಹಿ ಹಾಕಿದೆ. ಅಷ್ಟು ಬಿಸಿಗೆ ಸಿಮೆಂಟು ಬೇಗ ಬಿಗಿದು, ಆಮೇಲೆ ಒಳಗೊಳಗೇ ಬಿರಿಯಬಹುದು ಎಂಬುದು ನನಗೆ ಗೊತ್ತಿತ್ತು.

ಅಗೆತ ಶುರುವಾಗುವ ದಿನ ಮಾತ್ರ ನಾನೂ ಇಳಿಯಲೇಬೇಕಿತ್ತು. ಆ ರಾತ್ರಿ ಪಾಳಿಯಲ್ಲಿ ಗೋಡೆಯ ಮುಂದೆ ನಾವಿಬ್ಬರೇ. ಬೆವರು, ಸುಟ್ಟ ಸುಣ್ಣದಂಥ ವಾಸನೆ. ರಫೀಕಣ್ಣ ಡ್ರಿಲ್ ಎತ್ತುವಷ್ಟರಲ್ಲಿ... ಟಕ್. ಟಕ್. ಟಕ್.

ಗೋಡೆಯ ಒಳಗಿಂದ. ಎಡಮೂಲೆಯಲ್ಲಿ.

“ನಿಂಗೂ ಕೇಳ್ತಾ?” ಅವನು ಪಿಸುಗುಟ್ಟಿದ.

“ಹೂಂ...”

ಅವನು ಸುತ್ತಿಗೆಯಿಂದ ಎರಡು ಸಲ ತಟ್ಟಿದ. ಒಳಗಿಂದಲೂ ಎರಡೇ ಸಲ ಬಂತು.

“ಯಾ ಅಲ್ಲಾ! ಎಂತದು ಮಾರಾಯಾ ಇದು? ಕ್ಯೂಬ್ ಸರಿ ಬಂದಿತ್ತಲ್ಲ?”

ಆಗಲೇ ಬಾಯಿ ಬಿಡಬೇಕಿತ್ತು. ಕೆಲಸ ಹೋದೀತೆಂದು ಹೆದರಿದೆ. “ಬಂದದೆ ಅಣ್ಣಾ, ಎಂತ ಆಗೂದಿಲ್ಲ,” ಎಂದೆ. ನೀರಿನ ಪೈಪು ನೋಡುವ ನೆಪ ಹೇಳಿ ನಾನು ಮಾತ್ರ ಹಿಂದೆ ಸರಿದೆ. ಹೇಡಿ ನಾನು.

ಇಪ್ಪತ್ತು ಹೆಜ್ಜೆ ನಡೆದಿರಲಿಲ್ಲ, ಡ್ರಿಲ್ ಶುರುವಾಯಿತು... ಗೋಡೆ ಗೋಡೆಯೇ ಕುಸಿಯಿತು.

ಧೂಳು ಇಳಿದ ಮೇಲೆ ಮತ್ತೆ ಅದೇ... ಟಕ್. ಟಕ್. ಎಡಮೂಲೆಯಿಂದ.

“ಅಣ್ಣ ಬದುಕಿದಾನೆ!” ಎಂದು ಕೂಗಿಕೊಂಡೆ. ಓಡಿ ಬಂದವರೆಲ್ಲ ಬೆಳಗಿನವರೆಗೂ ಅಲ್ಲೇ ಅಗೆದರು. ನಾವು ತಟ್ಟಿದಾಗಲೆಲ್ಲ ಅಷ್ಟೇ ಸಲ ಉತ್ತರ ಬರುತ್ತಿತ್ತು. ಕೊನೆಗೆ ನೋಡಿದರೆ ಆ ಮೂಲೆಯಲ್ಲಿ ಯಾರೂ ಇಲ್ಲ! ರಫೀಕಣ್ಣ ಸಿಕ್ಕಿದ್ದು ಬಲಗಡೆ. ಗೋಡೆ ಬಿದ್ದ ಗಳಿಗೆಯಲ್ಲೇ ಜೀವ ಹೋಗಿದೆ ಎಂದರು ಡಾಕ್ಟರು.

ಹಾಗಾದರೆ ರಾತ್ರಿಯಿಡೀ ತಟ್ಟಿದ್ದು ಯಾರು? ನನಗಂತೂ ತಿಳಿಯದು.

ಅವನನ್ನು ಯಲ್ಲಾಪುರಕ್ಕೆ ತಂದು ಮಣ್ಣು ಮಾಡಿದೆವು. ಮೂರನೆಯ ದಿನ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಅವನ ತಾಯಿ ಮೆಲ್ಲಗೆ ಕೇಳಿದರು.

“ಗೋಡೆ ಗಟ್ಟಿ ಅದೆ ಅಂತ ಬರ್ದವ್ರು ಯಾರು ಮಗಾ?”

“ಗೊತ್ತಿಲ್ಲಮ್ಮಾ...”

“ಇರ್ಲಿ, ನೀ ಸರಿ ಉಣ್ಣು. ಎಷ್ಟು ಸೊರಗಿದ್ದಿ ನೋಡು,” ಎಂದು ಇನ್ನೊಂದು ಸೌಟು ಅನ್ನ ಬಡಿಸಿದರು.

ಉಂಡೆ.