ಯಾವ ಮದ್ದು?

ಪೊಲೀಸರು ಜಪ್ತಿ ಮಾಡಿ ತಂದ ಮೊಬೈಲುಗಳ ಹೊಟ್ಟೆ ಬಗೆದು ಸಾಕ್ಷ್ಯ ಹುಡುಕುವುದು ಅಂಬಲಪಾಡಿಯ ನಳಿನಾಕ್ಷಿಯ ಹನ್ನೊಂದು ವರ್ಷಗಳ ಉದ್ಯೋಗ. ಮನೆಯಲ್ಲಿ ಮಾತ್ರ ಮಗಳು ವಿಭಾಳ ಮೊಬೈಲು ಎಷ್ಟು ಬಡಿದುಕೊಂಡರೂ ಮುಟ್ಟುವವಳಲ್ಲ. "ನಮ್ಮವರ ಮೊಬೈಲು ಒಮ್ಮೆ ನೋಡಿ ಕೊಡಿ ಅಕ್ಕ" ಎಂದು ಬರುವ ನೆರೆಯ ಹೆಂಗಸರಿಗೆ ಚಹಾ ಕುಡಿಸಿ ಕಳಿಸುತ್ತಾಳೆ, ಅಷ್ಟೆ.

ಕಳೆದ ವಾರ ಬಂದದ್ದು ಕಾರ್ಕಳದ ಕಲ್ಲಿನ ಕೋರೆಯಲ್ಲಿ ಲೆಕ್ಕ ಬರೆಯುವ ರೈಟರ್ ಸರ್ವೋತ್ತಮನ ಮೊಬೈಲು. ಪರವಾನಗಿ ಇಲ್ಲದೆ ಸ್ಫೋಟಕ ಇಟ್ಟುಕೊಂಡರೆಂದು ಅವನ ಮೇಲೂ, ಕೋರೆಯ ಯಜಮಾನನಾದ ಅವನ ಸೋದರಮಾವ ದಾಮೋದರನ ಮೇಲೂ ಕೇಸು. ಕೋರೆಯವರ ಬಾಯಲ್ಲಿ ಸ್ಫೋಟಕವೆಂದರೆ ಮದ್ದು.

"ಮಾವ ಅಳಿಯನ ಮಾತುಕತೆ ಮಾತ್ರ ಸಾಕಲ್ವಾ ಸರ್?" ಎಂದಳು ನಳಿನಾಕ್ಷಿ.

"ಇಡೀ ಮೊಬೈಲಿನಲ್ಲಿ ಮದ್ದು ಅಂತ ಎಲ್ಲೆಲ್ಲಿ ಉಂಟೋ ಎಲ್ಲ ತೆಗೆಯಿರಿ" ಎಂದ ತನಿಖಾಧಿಕಾರಿ ಅನಂತೇಶ.

ಈ ಕಡೆ ಜ್ವರದ ಮಾತ್ರೆಯೂ ಮದ್ದೇ, ಬಂಡೆ ಸಿಡಿಸುವುದೂ ಮದ್ದೇ. ಇಲ್ಲೇ ಹುಟ್ಟಿ ಬೆಳೆದವನಿಗೆ ಅಷ್ಟೂ ತಿಳಿಯಬಾರದೇ? ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಪೈಕಿ! ನಳಿನಾಕ್ಷಿಗೆ ಮೈಯೆಲ್ಲ ಉರಿಯಿತು. ಆದರೂ ಹುಡುಕಿದಳು. ನಲವತ್ತಾರು ಮೆಸೇಜು ಸಿಕ್ಕಿದವು. ನಾಲ್ಕು ಮಾವನವು, ಉಳಿದವೆಲ್ಲ ಸರ್ವೋತ್ತಮನ ಹೆಂಡತಿ ತೃಷಾಳವು.

"ಮಣಿಪಾಲದಿಂದ ನನ್ನ ಮದ್ದು ತಂದಿರಾ? ಅತ್ತೆಗೆ ಗೊತ್ತಾಗಬಾರದು." "ಮದ್ದು ತಪ್ಪಿದರೆ ಮಗುವನ್ನು ಎತ್ತಿಕೊಳ್ಳಲೂ ಹೆದರಿಕೆ." ಹೆರಿಗೆಯ ನಂತರ ಮನಸ್ಸು ಕುಸಿದ ಹೆಣ್ಣು ಗಂಡನೊಬ್ಬನಿಗೇ ಹೇಳಿಕೊಂಡ ಸಂಕಟ ಅದು.

ಆರೋಪಪಟ್ಟಿಯ ಪ್ರತಿ ದಾಮೋದರನ ಕೈಗೂ ಹೋಗುತ್ತದೆ. ತೃಷಾಳ ಅತ್ತೆ ಅವನ ಒಡಹುಟ್ಟಿದ ಅಕ್ಕ. ನಳಿನಾಕ್ಷಿ ಆ ನಲವತ್ತೆರಡನ್ನು ಬೇರೆ ಲಕೋಟೆಗೆ ಹಾಕಿ, "ಪ್ರಕರಣಕ್ಕೆ ಸಂಬಂಧವಿಲ್ಲ, ನ್ಯಾಯಾಲಯ ಮಾತ್ರ ತೆರೆಯತಕ್ಕದ್ದು" ಎಂದು ಬರೆದು ಅರಗಿನ ಮೊಹರು ಒತ್ತಿದಳು.

ಅನಂತೇಶ ಲಕೋಟೆಯನ್ನು ಅವಳೆದುರೇ ಹರಿದು ತೆರೆದು ಓದಿದ. "ಅತ್ತೆಗೆ ಗೊತ್ತಾಗಬಾರದಂತೆ! ಇದು ಎಂತ ಮದ್ದು ಮೇಡಂ?"

"ಮನಸ್ಸಿನ ಕಾಯಿಲೆಯದ್ದು. ಓದಿದರೆ ತಿಳಿಯುವುದಿಲ್ವಾ ಮಾರಾಯ್ರೆ?"

"ಅವಳೇ ಬಂದು ಹೇಳಲಿ."

ಮರುದಿನ ತೃಷಾಳನ್ನು ವಿಚಾರಣೆಗೆ ಕರೆಸಿದಾಗ ನಳಿನಾಕ್ಷಿಯೂ ಹಟ ಹಿಡಿದು ಠಾಣೆಗೆ ಹೋದಳು. ತೃಷಾ ಬಂದಳು, ಜೊತೆಗೆ ಮಗುವನ್ನೆತ್ತಿಕೊಂಡು ಅತ್ತೆಯೂ ಬಂದರು. ಅವರನ್ನು ಹೊರಗೆ ಕೂರಿಸಿ ಎಂದು ನಳಿನಾಕ್ಷಿ ಹೇಳುವಷ್ಟರಲ್ಲಿ ಅನಂತೇಶ ಕೇಳಿಯೇ ಬಿಟ್ಟ: "ಮನೆಯವರಿಗೆ ಹೇಳದೆ ತರಿಸುವುದು ಯಾವ ಮದ್ದಮ್ಮ?"

ತೃಷಾ ಚೀಲದಿಂದ ಮಾತ್ರೆಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಯಾತರದ್ದೆಂದು ತಲೆ ತಗ್ಗಿಸಿ ಹೇಳಿದಳು. ಅತ್ತೆ ಮಗುವನ್ನು ಅವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

ಲಕೋಟೆ, ಅರಗು, ಮೊಹರು ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಜಗಲಿಯಲ್ಲಿ ತೃಷಾ ಕೇಳಿದಳು: "ಮೇಡಂ, ನನ್ನ ಮೆಸೇಜು ಮೊದಲು ಓದಿದ್ದು ಯಾರು?"

"ನಾನೇ ಅಮ್ಮ" ಎಂದಳು ನಳಿನಾಕ್ಷಿ.