ಅವ್ವ ಪಂಚಾಯ್ತಿ ಎಲೆಕ್ಷನ್ನಿಗೆ ನಿಂತಾಗ

ನಾಗಮಂಗಲದ ಕಡೆಯ ನಮ್ಮೂರಿನಲ್ಲಿ, ಅವರೆಕಾಯಿ ಬಂತೆಂದರೆ ಬೀದಿಗೆ ಬೀದಿಯೇ ಸೊಗಡು ಹೊಡೆಯುತ್ತಿದ್ದ ದಿನಗಳವು. ಸಂಜೆ ಅವ್ವ, ಅಜ್ಜಿ, ನಾನು ಜಗಲಿಯ ಮೇಲೆ ಕುಳಿತು ಕಾಯಿ ಸುಲಿಯುತ್ತಿದ್ದೆವು. ನೆನೆದ ಕಾಳು ಹಿದುಕುವಾಗ ಬೇಳೆ ಚಂಗನೆ ಹಾರಿ ಎರಡು ವರ್ಷದ ತಮ್ಮ ಮಂಜನ ಮೂತಿಗೆ ಬಡಿದರೆ ನಗುವೋ ನಗು.

ತೊಂಬತ್ತರ ದಶಕದ ಮೊದಲಲ್ಲಿ, ನನಗೆ ಎಂಟು ವರ್ಷವಿದ್ದಾಗ, ಆ ಅವರೆ ಕಾಲಕ್ಕೇ ಪಂಚಾಯ್ತಿ ಎಲೆಕ್ಷನ್ ಬಂತು. ನಮ್ಮ ಬೀದಿಯ ಸೀಟು ಹೆಂಗಸರಿಗೆ ಎಂದಾಯಿತು. ಅವ್ವ ಹತ್ತನೇ ಕ್ಲಾಸು ಓದಿದ್ದಳು. ಊರಿನವರು ಅಪ್ಪನನ್ನು ಕೇಳಿದರು, ಅಪ್ಪ ಹೂಂ ಅಂದ. ಸಹಿ ಹಾಕಿಕೊಂಡು ತೆಪ್ಪಗಿರುತ್ತಾಳೆ ಎಂದು ಎಲ್ಲರೂ ಎಣಿಸಿದ್ದರು.

ಅವ್ವ ತೆಪ್ಪಗಿರಲಿಲ್ಲ. ಬೋರ್‌ವೆಲ್ ಕೆಟ್ಟು ಹೆಂಗಸರು ದೂರದ ತೋಟದ ಬಾವಿಯಿಂದ ನೀರು ಹೊರುತ್ತಿದ್ದರು. ಅದನ್ನೇ ಹಿಡಿದುಕೊಂಡು ಮನೆಮನೆಗೆ ಹೊರಟಳು. ಅವಳ ಗುರುತು ಹೊಲಿಗೆ ಮಿಷನ್ನು. "ಗೆದ್ರೆ ಮನೆಗೊಂದು ಮಿಷನ್ ಕೊಟ್ಟೀಯೇನವ್ವಾ?" ಎಂದು ಕೇಳಿದವರೂ ಇದ್ದರು. ಅವ್ವ ನಕ್ಕು, "ಮಿಷನ್ ಇಲ್ಲ ಕಣಕ್ಕ, ನೀರು ತರುಸ್ತೀನಿ" ಅನ್ನುತ್ತಿದ್ದಳು.

ನನ್ನ ಸೊಂಟಕ್ಕೆ ಮಂಜ ಬಂದ. ಗೆಳತಿಯರು ಕುಂಟಾಬಿಲ್ಲೆ ಆಡುತ್ತಿದ್ದರೆ ನಾನು ಅವನ ಸಿಂಬಳ ಒರೆಸುತ್ತಾ ನೋಡುತ್ತಿದ್ದೆ. ಮೂಲೆಯಲ್ಲಿ ಅವರೆಕಾಯಿ ಬುಟ್ಟಿಯಲ್ಲೇ ಬಾಡುತ್ತಿತ್ತು. ಒಂದು ದಿನ ನಾನು ಅವನನ್ನು ಜಗಲಿಯ ಮೇಲೆ ಬಿಟ್ಟು ಒಂದೇ ಒಂದಾಟ ಆಡಲು ಓಡಿದೆ. ಮಂಜ ಬಿದ್ದು ಹಣೆ ಒಡೆದುಕೊಂಡ.

ಸಂಜೆ ಅವ್ವ ಬಂದಾಗ ಅಜ್ಜಿ ಕಾಯುತ್ತಿತ್ತು. "ಊರುದ್ಧಾರ ಮಾಡೋಗು ತಾಯಿ. ಮನೆ ಮಕ್ಳು ಬೀದಿಪಾಲಾಗ್ಲಿ."

ಅವ್ವ ಗಾಯಕ್ಕೆ ಅರಿಸಿನ ಒತ್ತಿ, ಮಂಜನಿಗೆ ಹಾಲು ಕುಡಿಸುತ್ತಾ ಗೋಡೆ ಕಡೆಗೆ ತಿರುಗಿ ಕುಳಿತಳು. ನಾನು ಆಟಕ್ಕೆ ಹೋಗಿದ್ದೆ ಎಂದು ಯಾರಿಗೂ ಹೇಳಲಿಲ್ಲ.

ಮಾರನೆಯ ದಿನ ಮಂಜನನ್ನು ಎತ್ತಿಕೊಂಡು ಐದು ಮನೆಗೆ ಹೋದೆ. "ನಮ್ಮವ್ವಂಗೆ ಓಟಾಕ್‌ಬ್ಯಾಡಿ" ಅಂದೆ. ಎಲ್ಲರೂ ನಕ್ಕು ಕಳಿಸಿದರು. ಕೊನೇ ಮನೆಯ ನಿಂಗಜ್ಜಿ ಮಾತ್ರ ನಗಲಿಲ್ಲ.

"ಯಾಕವ್ವಾ?"

"ಗೆದ್ರೆ ಅವ್ವ ಮನೇಗೇ ಬರಾಕಿಲ್ಲ."

ನಿಂಗಜ್ಜಿ ಮಂಜನ ಹಣೆ ಸವರಿ, ನಮ್ಮಿಬ್ಬರ ಕೈಗೂ ಬೆಲ್ಲದ ಚೂರು ಇಟ್ಟು, "ಆಯ್ತು ಬುಡು" ಅಂದಿತು.

ಅವ್ವ ನಾಲ್ಕು ಓಟಿನಲ್ಲಿ ಸೋತಳು. ಎಣಿಕೆ ಮುಗಿಸಿ ಬಂದವಳೇ ಸೀರೆ ಬದಲಿಸಿ ಬುಟ್ಟಿ ಎಳೆದುಕೊಂಡು ಕುಳಿತಳು. ಆ ದಿನ ಹಿದುಕಬೇಳೆ ಸಾರಿಗೆ ನಾನು ಎರಡು ಮುದ್ದೆ ಉಂಡೆ. ಅಷ್ಟು ಖುಷಿ. ವಾರ ಕಳೆದ ಮೇಲೆ ಅವ್ವ ಉಳಿದ ಕರಪತ್ರಗಳನ್ನು ಅಡುಗೆಮನೆಯ ಗೂಡಿಗೆ ಹಾಸುತ್ತಿದ್ದಳು. ತನ್ನ ಹೆಸರಿದ್ದ ಮಗ್ಗುಲನ್ನು ಒಂದೊಂದಾಗಿ ಕೆಳಮುಖ ಮಾಡಿ, ಮೇಲೆ ಡಬ್ಬಿ ಇಟ್ಟಳು. ನಾನು ನೋಡಲಾರದೆ ಹೊರಗೆ ಹೋದೆ.

ನನಗೇ ಮಗುವಾಗಿ ಬಾಣಂತನಕ್ಕೆ ಬಂದಾಗ ಅವ್ವನ ಮುಂದೆ ಎಲ್ಲವನ್ನೂ ಹೇಳಿಕೊಂಡೆ.

"ನಂಗೊತ್ತಿತ್ತು ಕಣೇ. ನಿಂಗಜ್ಜಿ ಅವತ್ತೇ ಯೋಳಿತ್ತು."

"ಮತ್ತೆ ಯಾಕೆ ಬೈಲಿಲ್ಲ?"

"ಅವ್ವ ಬೇಕು ಅನ್ನೋ ಮಗೀನ ಏನಂತ ಬೈಲಿ?" ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ಎಣ್ಣೆ ತಟ್ಟುತ್ತಿದ್ದವಳು ಕೇಳಿದಳು: "ನಿಮ್ಮಪ್ಪ ನಿಂತಿದ್ರೆ ನೀನು ಅಂಗೆ ಮನೆಮನೆಗೆ ಓಯ್ತಿದ್ಯಾ?"

ನಾನು ಎಣ್ಣೆ ಬಟ್ಟಲನ್ನು ಅವಳ ಹತ್ತಿರಕ್ಕೆ ಸರಿಸಿದೆ.

ಆ ಸೀಟು ಮತ್ತೆ ಹೆಂಗಸರಿಗೆ ಬಂದಾಗ ಊರಿನವರು ಕೇಳಿದ್ದರಂತೆ. ಅವ್ವ ಒಲ್ಲೆ ಅಂದಳಂತೆ. ಈಗ ಊರಿಗೆ ಹೋದರೆ ಚುನಾವಣೆಗೆ ನಿಂತ ಹೆಂಗಸರು ಜೀಪಿನಲ್ಲಿ ಬಂದು ಕೈಮುಗಿಯುತ್ತಾರೆ. ಅವ್ವ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋಗುತ್ತಾಳೆ. ತಲೆ ಎತ್ತಿಕೊಂಡು ಬೀದಿಯ ನಡುವೆ ನಡೆದು, ಗಂಡಸರನ್ನೂ ಹೆಸರು ಹಿಡಿದು ಕೂಗಿ ಮಾತಾಡಿಸುತ್ತಿದ್ದ ಅವ್ವನನ್ನು ನಾನು ಕಂಡದ್ದು ಓಟು ಕೇಳಿದ ಇಪ್ಪತ್ತೇ ದಿನ. ಆ ಇಪ್ಪತ್ತು ದಿನವೂ ಅವಳು ಯಾವಾಗ ಮುಗಿಸುತ್ತಾಳೋ ಎಂದು ಕಾಯುತ್ತಾ ಕಳೆದೆ.