ಎರಡು ಮನೆಯ ಮೋಟಾರು

ನಮ್ಮ ಮಸ್ಕಿಯ ಮನೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ನಡುವೆ ಗೋಡೆ ಎದ್ದಿತು. ಹಿತ್ತಲಿನ ಬಾವಿಯನ್ನು ಮಾತ್ರ ಸೀಳಲಾಗಲಿಲ್ಲ. ಬಾವಿಯೊಳಗಿನ ಮೋಟಾರಿಗೆ ಎರಡೂ ಮನೆಯಿಂದ ಬೇರೆ ಬೇರೆ ವೈರು ಎಳೆದರು. ಒಂದು ದಿನ ನಮ್ಮ ಪಾಳಿ, ಒಂದು ದಿನ ಅವರದು. ಭಾವನ ಹೆಂಡತಿ, ನನ್ನ ನೆಗೆಣ್ಣಿ, ನನ್ನೊಡನೆ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಮೋಟಾರು ಗುಂಯ್ ಅನ್ನುತ್ತಿತ್ತು, ನೀರೆತ್ತುತ್ತಿರಲಿಲ್ಲ. ಊರಿನ ರಿಪೇರಿಯವರೆಲ್ಲ ಹೊಲದ ಪಂಪ್‌ಸೆಟ್ಟುಗಳ ಹಿಂದೆ ಬಿದ್ದಿದ್ದರು. ಮನೆಬಾವಿಯೆಂದರೆ "ನಾಳಿ ಬರ್ತೀವ್ರಿ" ಅಷ್ಟೇ. ಯಜಮಾನರು ಕೆಲಸದ ಮೇಲೆ ಸಿಂಧನೂರಿನಲ್ಲಿದ್ದರು. ನಾನೇ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋಗಿ, ವೈಂಡಿಂಗ್ ಅಂಗಡಿಯ ಮುಂದೆ ಹಟ ಹಿಡಿದು ಕೂತು, ಒಬ್ಬ ಮೇಸ್ತ್ರಿಯನ್ನು ಎಬ್ಬಿಸಿಕೊಂಡು ಬಂದೆ.

ಬಂದಾಗ ಕರೆಂಟು ಹೋಗಿತ್ತು.

"ಫ್ಯೂಸ್ ಕಿತ್ತೀರೇನ್ರಿ ಅಕ್ಕಾರ?"

"ಕಿತ್ತೀನಪಾ, ಕೈಯಾಗ ಐತಿ ನೋಡು."

"ನಾ ಸತ್ರ ನನ್ನ ಹೇಣ್ತಿ ನಿಮ್ಮನ್ಯಾಗ ಬಂದು ಕುಂದರ್ತಾಳ ಮತ್ತ. ಭಾಳ ಉಣ್ತಾಳ್ರಿ ಆಕಿ."

ಮೇಸ್ತ್ರಿ ನಗುತ್ತ ಬಾವಿಗಿಳಿದ. ಸೊಂಟಮಟ್ಟದ ನೀರಲ್ಲಿ ನಿಂತು ಪೈಪು ಬಿಚ್ಚತೊಡಗಿದ. ಆಗ ಗೋಡೆಯ ಆಚೆಯಿಂದ ಬಾವಿಗಿಳಿದ ಎರಡನೆಯ ವೈರು ನನ್ನ ಕಣ್ಣಿಗೆ ಬಿತ್ತು. ಅಂದು ಅವರ ಪಾಳಿ. ಕರೆಂಟು ಬಂದ ಕೂಡಲೇ ಮೋಟಾರು ತಾನೇ ಹತ್ತಲೆಂದು ಸ್ವಿಚ್ಚು ಒತ್ತಿಡುವುದು ಎರಡೂ ಮನೆಯ ರೂಢಿ.

"ಮ್ಯಾಲ ಬಾರಪಾ! ಆ ಮನಿ ವೈರ್ ಚಾಲೂ ಐತಿ!"

ಕೆಳಗಿನಿಂದ ನಗು ಬರಲಿಲ್ಲ. "ಬರಾಕ ಆಗಂಗಿಲ್ರಿ, ಪೈಪಿನ ಭಾರೆಲ್ಲಾ ಹೆಗಲ ಮ್ಯಾಲ ಐತಿ. ಓಡ್ರಿ ಅಕ್ಕಾರ, ಓಡ್ರಿ!"

ಓಡಿದೆ. ಹಿತ್ತಲ ಕಡೆಯಿಂದ ಅವರ ಮನೆಗೆ ನುಗ್ಗಿದೆ. ನೆಗೆಣ್ಣಿ ಪಡಸಾಲೆಯಲ್ಲಿ ಎಡಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದಳು. ಪೂಜೆಯಲ್ಲಿ ಆಕೆ ಮಾತಾಡಳು, ಏಳಳು. ಅವರ ಫ್ಯೂಸಿನ ಬೋರ್ಡು ಎಲ್ಲಿದೆಯೋ ನನಗೆ ಗೊತ್ತಿಲ್ಲ.

"ಅಕ್ಕಾ, ಫ್ಯೂಸ್ ಎಲ್ಲೈತಿ? ಬಾವ್ಯಾಗ ಮನಷಾ ಅದಾನ!"

ಕಣ್ಣು ತೆರೆದು ನನ್ನನ್ನೇ ನೋಡಿದಳು. ಜಗಳಕ್ಕೆ ಬಂದೆನೆಂದು ತಿಳಿದಳೋ ಏನೋ. ಆಮೇಲೆ ಆ ಕಣ್ಣು ಮೆಲ್ಲಗೆ ಜೋಳದ ಚೀಲಗಳತ್ತ ಹೊರಳಿತು.

ಚೀಲದ ಹಿಂದೆ ಬೋರ್ಡಿತ್ತು. ಅದರಲ್ಲಿ ಎರಡು ಫ್ಯೂಸು. ಬೆವರಿದ ಕೈಯನ್ನು ಸೆರಗಿಗೆ ಒರೆಸಿ ಒಂದನ್ನು ಕಿತ್ತೆ. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ತಲೆಯ ಮೇಲಿನ ಬಲ್ಬು ಹತ್ತಿತು.

ಕರೆಂಟು ಬಂದಿತ್ತು. ಅದನ್ನೂ ಕಿತ್ತೆ. ಆದರೆ ಮೊದಲು ಕಿತ್ತದ್ದು ಮೋಟಾರಿನದೇ ಆಗಿತ್ತೋ, ಇಲ್ಲ ತಡವಾಯಿತೋ? ಬಾವಿಯ ಕಡೆಯಿಂದ ಸದ್ದಿಲ್ಲ. ಹೋಗಿ ನೋಡಲು ಧೈರ್ಯವಿಲ್ಲದೆ ಅಲ್ಲೇ ಗೋಡೆಗೆ ಒರಗಿ ನಿಂತೆ.

ನೆಗೆಣ್ಣಿ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕೊರಳಿಗೆ ಕಟ್ಟಿದಳು. ಅರ್ಧ ಪೂಜೆಯಲ್ಲೇ ಎದ್ದು ಹಿತ್ತಲಿಗೆ ಹೋದಳು. ಆಕೆಯ ದನಿ ಕೇಳಿತು: "ಅದೀಯೇನೋ ಯಪ್ಪಾ?"



"ಅದೀನ್ರೆವ್ವಾ! ಚಾ ಇಟ್ಟೀರೇನು?"

ಅಲ್ಲೇ ನೆಲದ ಮೇಲೆ ಕೂತೆ. ನೆಗೆಣ್ಣಿ ಒಳಗೆ ಬಂದು ಕೈ ಚಾಚಿದಳು. "ತಾ ಇಲ್ಲಿ ಫ್ಯೂಸು. ನಾ ಹಿಡ್ಕೊಂಡು ಕುಂದರ್ತೀನಿ."

"ಅಂವ ಮ್ಯಾಲ ಬಂದು ನೆಲದ ಮ್ಯಾಲ ಕಾಲಿಡೂತನಕ ಕೊಡಂಗಿಲ್ಲಕ್ಕಾ," ಎಂದೆ.

ಆಕೆ ಒತ್ತಾಯಿಸಲಿಲ್ಲ. ಬೋರ್ಡಿಗೆ ಅಡ್ಡವಾಗಿ, ನನ್ನ ಪಕ್ಕದಲ್ಲೇ ಕೂತಳು.